ತಮ್ಮ ತಿರುಗಿಸಿಟ್ಟ ಸ್ಕ್ರೂ

ತಮ್ಮ ತೀರಿಹೋಗಿ ನಾಲ್ಕು ತಿಂಗಳಾದರೂ ನನ್ನ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. 'ಇವಳದು ಕಲ್ಲು ಮನಸ್ಸು' ಎಂದು ದೊಡ್ಡಮ್ಮ ನನಗೆ ಕೇಳಿಸುವ ಹಾಗೇ ಅಂದಿದ್ದಳು. ಇರಬಹುದು. ಹೊಲಿಗೆ ಅಂಗಡಿಗೆ ಹೋಗುತ್ತಿದ್ದೆ, ಮೆಷಿನ್ ತುಳಿಯುತ್ತಿದ್ದೆ, ಹೊಟ್ಟೆ ತುಂಬ ಉಣ್ಣುತ್ತಿದ್ದೆ. ಒಳಗೆಲ್ಲ ಜೋಮು ಹಿಡಿದಿತ್ತು, ಅಷ್ಟೇ.

ಒಂದು ಭಾನುವಾರ ಬೆಳಿಗ್ಗೆ ಅವನ ರಿಮೋಟ್ ಕಾರನ್ನು ಹಿತ್ತಿಲಿಗೆ ತಂದೆ. ಮೊಳದುದ್ದದ ಗಾಡಿ, ಬ್ಯಾಟರಿಯದಲ್ಲ, ಇಂಧನ ಕುಡಿದು ಹೊಗೆ ಉಗುಳುವ ನಿಜವಾದ ಎಂಜಿನ್ನಿನದು. ರಜೆ ಬಂತೆಂದರೆ ಕಿವಿ ತೂತು ಬೀಳುವಂತೆ ಓಡಿಸುತ್ತಿದ್ದ. ಆ ಸದ್ದು ಕೇಳಿದರೆ ನನಗೂ ಅಳು ಬಂದೀತೆಂಬ ಆಸೆ.

ಸದ್ದೆಲ್ಲ ಇರುವುದು ಒಂದು ಪುಟ್ಟ ಹಿತ್ತಾಳೆ ಸ್ಕ್ರೂವಿನಲ್ಲಿ. ಬಿಗಿದರೆ ಇಂಧನ ಕಡಿಮೆ, ಎಂಜಿನ್ ಕಿರುಚಿ ಬಿಸಿಯೇರುತ್ತದೆ. ಸಡಿಲಿಸಿದರೆ ಹೆಚ್ಚು, ಕೆಮ್ಮಿ ಹೊಗೆ ಕಾರುತ್ತದೆ. ತಮ್ಮ ಕೊನೆಯ ಸಲ ತಿರುಗಿಸಿಟ್ಟಿದ್ದು ಹಾಗೇ ಇತ್ತು. ಅದುರಿ ಸರಿದಿದೆಯೇನೋ ಎಂದು ಅವನು ಪ್ರತಿಸಲ ಓಡಿಸುವ ಮುಂಚೆ ಪೂರ್ತಿ ಮುಚ್ಚಿ, ಎಷ್ಟು ಸುತ್ತೆಂದು ಎಣಿಸಿ, ಮತ್ತೆ ಅಷ್ಟೇ ಬಿಚ್ಚುತ್ತಿದ್ದ. "ಎಣಿಸ್ದೆ ಮುಟ್ಬೇಡ ಅಕ್ಕ, ನಿಂದು ಒರಟು ಕೈ" ಅನ್ನುತ್ತಿದ್ದ. ಎಣಿಸತೊಡಗಿದೆ. ಒಂದು. ಒಂದೂಕಾಲು. ಒಂದೂವರೆ.

"ಹಾಲು ಇಳಿಸಿದ್ಯೇನೇ?" ಒಳಗಿನಿಂದ ಅಮ್ಮ ಕೇಳಿದಳು.

"ಆಗ್ಲೇ ಇಳಿಸ್ದೆ ಕಣಮ್ಮ. ಎಷ್ಟು ಸಲ ಹೇಳ್ಲಿ?"

ಬಾಯಿ ಉತ್ತರ ಕೊಡುತ್ತಿದ್ದರೂ ಕೈ ನಿಂತಿರಲಿಲ್ಲ. ಸ್ಕ್ರೂ ತಳ ಕಚ್ಚಿತು. ಎರಡೂಕಾಲೋ, ಎರಡೂಮುಕ್ಕಾಲೋ, ಮೂರೋ? ಅವನ ಕೈಯ ಕೊನೆಯ ಅಳತೆಯನ್ನು ನಾನೇ ಅಳಿಸಿದ್ದೆ. ಎದೆ ಬಡಿದುಕೊಳ್ಳಬೇಕಿತ್ತು. ನನಗೆ ಬಂದದ್ದು ಆಕಳಿಕೆ.

ಅಂದಾಜಿನಲ್ಲಿ ಮೂರು ಸುತ್ತು ಬಿಚ್ಚಿದೆ. ಟ್ಯಾಂಕ್ ತುಂಬಿಸಿ, ಪ್ಲಗ್ಗನ್ನು ಬಿಸಿಮಾಡುವ ಬ್ಯಾಟರಿ ಸಿಕ್ಕಿಸಿ, ಎಂಜಿನ್ ಚಾಲೂ ಮಾಡುವ ದಾರ ಎಳೆದೆ. ಹತ್ತು ಸಲ ಜಗ್ಗಿದರೂ, ಜಪ್ಪಯ್ಯ ಅಂದರೂ ಶುರುವಾಗಲಿಲ್ಲ. ಹನ್ನೊಂದನೆಯ ಸಲಕ್ಕೆ ಗೊರಗೊರ ಕೆಮ್ಮಿತು. ಬ್ಯಾಟರಿ ಕಿತ್ತು, ಹಿಂದಿನ ಗಲ್ಲಿಯಲ್ಲಿ ಓಡಿಸಿ, ನಿಲ್ಲಿಸಿ, ಒಂದಿಷ್ಟು ಬಿಗಿದು, ಮತ್ತೆ ಓಡಿಸಿದೆ. ಹೊಗೆ ತೆಳುವಾಯಿತು. ಎಂಜಿನ್ ತಲೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿದೆ. ಚಟ್ಟನೆ ಸಿಡಿಯದೆ ನಾಲ್ಕು ಎಣಿಸುವಷ್ಟರಲ್ಲಿ ಆರಿತು. ಹದವಾಗಿತ್ತು.

ಹದವಾದದ್ದೇ ತಪ್ಪಾಯಿತು. ಆ ಆತುರಗೇಡಿ ಎಂದೂ ಹದಕ್ಕೆ ನಿಂತವನಲ್ಲ, ಸದಾ ಬಿಗಿದು ಕಿರುಚಿಸುತ್ತಿದ್ದ. ನಾನೂ ಬಿಗಿದೆ. ಕಿರುಚಿತು. ಅವನು ಎಬ್ಬಿಸುತ್ತಿದ್ದ ಕಿರುಚು ಬೇರೆ. ಹಿಂದೆ ಮುಂದೆ ತಿರುಗಿಸಿ ಸಾಕಾಯಿತು. ಅವನ ಸದ್ದು ಎಲ್ಲೂ ಸಿಗಲಿಲ್ಲ.

ಅಡುಗೆಮನೆ ಕಿಟಕಿಯ ಹಿಂದೆ ಪಾತ್ರೆ ಸದ್ದು ನಿಂತಿತು. ಅಮ್ಮನ ಕಿವಿ ಸಾಮಾನ್ಯದ್ದಲ್ಲ. ಈ ಗಾಡಿ ಎರಡು ಬೀದಿ ಆಚೆ ಕಿರುಚುವಾಗಲೇ 'ಬಂದ ನಮ್ಮ ದೊರೆ' ಎಂದು ತಟ್ಟೆ ಇಡುತ್ತಿದ್ದವಳು. ನಾನು ಕಿಟಕಿಯತ್ತ ತಿರುಗಿದೆ.

"ಯಾರ ಮನೆ ಗಾಡಿಯೇ ಅದು?" ಅಂದಳು. "ಆಚೆ ಹೋಗಿ ಓಡಿಸ್ಕೊಳೋಕೆ ಹೇಳು."

"ಹೇಳ್ತೀನಮ್ಮ" ಅಂದೆ. ಇಂಧನದ ಪೈಪು ಹಿಸುಕಿ ಎಂಜಿನ್ ಆರಿಸಿದೆ. ತಮ್ಮ ಇನ್ನಿಲ್ಲವೆಂದು ಆಗ ನನಗೆ ಗೊತ್ತಾಯಿತು. ಅಮ್ಮನಿಗೆ ಕೇಳಿಸಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.