ನೂಲಿನ ನೀರು

ನನ್ನ ಮೈದುನ ಟೈಲರ್ ಮಾಸ್ತರ್. ಊರಿನ ಅರ್ಧ ಜನ ಮಾನದಿಂದ ಓಡಾಡುತ್ತಿರುವುದು ಅವನ ಕತ್ತರಿಯಿಂದ. ಇನ್ನರ್ಧ ಜನ ಅವನ ಬಾಯಿಗೆ ಹೆದರಿ ಬೇರೆ ಅಂಗಡಿಯಲ್ಲಿ ಹೊಲಿಸಿಕೊಳ್ಳುತ್ತಾರೆ. ರಂಜಾನ್ ತಿಂಗಳು ಬಂತೆಂದರೆ ಮುಖಕ್ಕೆ ಇಸ್ತ್ರಿ ಹಾಕಿಕೊಂಡು ಕೂರುತ್ತಾನೆ, ನಗುವಿನ ಒಂದು ಸುಕ್ಕೂ ಉಳಿಯುವುದಿಲ್ಲ. "ಹೊಟ್ಟೆ ಹಸಿದ್ರೆ ಅದು ರೋಜಾ ಅಲ್ಲ, ಕಣ್ಣು, ಕಿವಿ, ನಾಲಗೆ ಎಲ್ಲಾ ಉಪವಾಸ ಇರ್ಬೇಕು" ಎಂದು ಪ್ಯಾಂಟ್ ಅಳತೆ ಕೊಡಲು ಬಂದವರಿಗೆಲ್ಲ ಹೇಳುತ್ತಾನೆ.

"ನಿನ್ನ ನಾಲಗೆಗೂ ಬೆಳಗಿನ ಜಾವ ಸಹರಿ ಹೊತ್ತಲ್ಲಿ ನಾಲ್ಕು ತುತ್ತು ತಿನ್ಸಪ್ಪ," ಎಂದು ನಾನು ಅನ್ನುತ್ತಿದ್ದೆ. "ಪಾಪ, ಹಸ್ಕೊಂಡು ಎಲ್ರನ್ನೂ ಕಚ್ತಾ ಇದೆ."

"ಅತ್ತಿಗೆ, ನೀವು ಗುಂಡಿ ಹಚ್ಚಿ" ಎನ್ನುತ್ತಿದ್ದ.

ನಾನು ಗುಂಡಿ ಹಚ್ಚುವವಳು. ಗುಂಡಿ ತೂರುವ ಕಾಜಾ ಹೊಲಿಯುವವಳು ದೊಡ್ಡಕ್ಕ, ನನ್ನ ಗಂಡನಿಗೂ ಈ ಮಾಸ್ತರಿಗೂ ಅಕ್ಕ. ತಾಯಿ ಸತ್ತ ಮೇಲೆ ಮಾಸ್ತರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ನಾವಿಬ್ಬರೂ ಗಂಡ ತೀರಿಕೊಂಡವರು, ಅಂಗಡಿಯ ಹಿಂದಿನ ಕೋಣೆಯಲ್ಲೇ ನಮ್ಮ ಸಂಸಾರ. ಮಿಷನ್ನಿನ ಕಾಜಾ ನಾಲ್ಕು ಒಗೆತಕ್ಕೆ ಬಾಯಿ ಬಿಡುತ್ತದೆ. ದೊಡ್ಡಕ್ಕ ಕೈಯಲ್ಲಿ ಹೊಲಿದ ಕಾಜಾ ಹಾಗಲ್ಲ. ಬಟ್ಟೆ ಮಣ್ಣಾಗಿ, ತೊಟ್ಟವನೂ ಮಣ್ಣಾಗಿ, ಕಾಜಾ ಮಾತ್ರ ಉಳಿದಿರುತ್ತದೆ.

ಬೇರೆ ತಿಂಗಳಲ್ಲಿ ನಾವು ದಾರದ ತುದಿಯನ್ನು ತುಟಿಯಲ್ಲೇ ಒದ್ದೆ ಮಾಡಿ ಸೂಜಿಗೆ ಪೋಣಿಸುತ್ತೇವೆ, ಕೆಲಸ ಮುಗಿದರೆ ಹಲ್ಲಲ್ಲೇ ಕಡಿಯುತ್ತೇವೆ. ರೋಜಾ ತಿಂಗಳಲ್ಲಿ ದಾರ ಬಾಯಿಗೆ ಹೋಗಬಾರದು. ಅದಕ್ಕೆಂದೇ ಒಬ್ಬೊಬ್ಬರ ಪಕ್ಕದಲ್ಲೂ ಒಂದು ಸ್ಟೀಲ್ ಲೋಟದಲ್ಲಿ ನೀರು ಇಟ್ಟುಕೊಳ್ಳುತ್ತೇವೆ. ಬೆರಳು ಅದ್ದಿ ದಾರ ಹೊಸೆಯುವುದು. ಮಧ್ಯಾಹ್ನದ ಹೊತ್ತಿಗೆ ಆ ನೀರಿನಲ್ಲಿ ದಾರದ ಚೂರು, ಬಟ್ಟೆಯ ಧೂಳು, ಬುದ್ಧಿ ಇಲ್ಲದ ಒಂದೆರಡು ಇರುವೆ ಎಲ್ಲ ತೇಲುತ್ತಿರುತ್ತವೆ.

ಆ ದಿನ ಬಿಸಿಲು ಹೇಗಿತ್ತೆಂದರೆ ಇಸ್ತ್ರಿ ಪೆಟ್ಟಿಗೆಗೆ ಕೆಂಡವೇ ಬೇಕಾಗಿರಲಿಲ್ಲ. ಹಬ್ಬದ ಬಟ್ಟೆಯ ಗಿರಾಕಿಗಳು ಬಾಗಿಲವರೆಗೂ ನಿಂತಿದ್ದರು. ಕಿಟಕಿ ಪಕ್ಕ ಕಾಜಾ ಹೊಲಿಯುತ್ತಿದ್ದ ದೊಡ್ಡಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿ, ನೂಲಿನ ನೀರಿನ ಲೋಟ ಎತ್ತಿ, ಗಟಗಟನೆ ಕುಡಿದು ಮುಗಿಸಿದಳು.

ಕೆಲಸದ ಹುಡುಗರ ಮಿಷನ್ನುಗಳೆಲ್ಲ ನಿಂತವು. ಮಾಸ್ತರ್ ಕತ್ತರಿ ಹಿಡಿದುಕೊಂಡೇ ಬಂದ.

"ಅಕ್ಕಾ, ಏನ್ ಮಾಡ್ದೆ?"

"ಏನ್ ಮಾಡ್ದೆ?"

"ನೀರು ಕುಡಿದ್ಯಲ್ಲ."

"ನಾನಾ? ನಾನೆಲ್ಲಿ ಕುಡಿದೆ? ರೋಜಾ ಇದೀನಲ್ಲೋ."

ಲೋಟ ಇನ್ನೂ ಕೈಯಲ್ಲೇ ಇತ್ತು. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಮಾಸ್ತರಿಗೆ ರೇಗಿದ್ದು ಅದಕ್ಕೇ. ನೀರು ಕುಡಿದದ್ದನ್ನು ನುಂಗಿಕೊಳ್ಳುತ್ತಿದ್ದನೋ ಏನೋ, ಈ ಮಾತನ್ನು ನುಂಗಲಾಗಲಿಲ್ಲ.

"ಆಗಲ್ಲ ಅಂದ್ರೆ ಆಗಲ್ಲ ಅನ್ನು, ಈ ವಯಸ್ಸಲ್ಲಿ ನಿನ್ನನ್ನ ಯಾರೂ ಬಲವಂತ ಮಾಡಿಲ್ಲ. ಕುಡಿಯೋದೂ ಕುಡಿದು, ಇಷ್ಟು ಜನರ ಮುಂದೆ ಸುಳ್ಳು ಬೇರೆ. ಸಾಯಂಕಾಲ ರೋಜಾ ಬಿಡುವಾಗ ನಮ್ಮ ಜೊತೆ ಚಾಪೆ ಮೇಲೆ ಕೂರ್ಬೇಡ. ಅದು ರೋಜಾ ಇರೋರ ಜಾಗ."

"ಕದ್ದು ಕುಡಿಯೋರು ಕಿಟಕಿ ಪಕ್ಕ ಕೂತು ಇರುವೆ ಬಿದ್ದಿರೋ ನೀರು ಕುಡೀತಾರೇನೋ?" ಎಂದೆ ನಾನು. "ಒಳಗೆ ತುಂಬಿದ ಹೂಜಿ ಇತ್ತಲ್ಲ."

"ಅತ್ತಿಗೆ, ನೀವು ಸುಮ್ನಿರಿ."

ದೊಡ್ಡಕ್ಕ ಲೋಟದ ಒಳಗೆ ನೋಡಿದಳು. ಯಾರೋ ಕೊಟ್ಟು ಹೋದ ಪಾತ್ರೆಯನ್ನು ನೋಡುವ ಹಾಗೆ ನೋಡಿ, ಮೆಲ್ಲಗೆ ಕೆಳಗಿಟ್ಟು, ಎದ್ದು ಒಳಗೆ ಹೋದಳು. ಆ ಸಾಯಂಕಾಲ ನಾನೇ ಕೋಣೆಗೆ ಖರ್ಜೂರ ತೆಗೆದುಕೊಂಡು ಹೋದೆ. ಗೋಡೆಗೆ ಮುಖ ಮಾಡಿಕೊಂಡೇ ತಿಂದಳು.

ಮಾರನೆಯ ದಿನದಿಂದ ಅವಳ ಕೆಲಸವನ್ನು ಮಾಸ್ತರ್ ನನ್ನ ಕೈಯಲ್ಲೇ ಒಳಗೆ ಕಳಿಸತೊಡಗಿದ.

"ತಮ್ಮ ಯಾಕೆ ನನ್ನನ್ನ ಅಂಗಡಿಗೆ ಕರೀತಿಲ್ಲ?" ಎಂದು ಕೇಳಿದಳು.

"ಹೊರಗೆ ಧೂಳಂತೆ ಅಕ್ಕ."

"ನಾನೇನಾದ್ರೂ ಮಾಡಿದ್ನಾ?"

"ನೀನೇನು ಮಾಡ್ತೀಯ."

ಕಾಜಾ ಎರಡು ಮುಗಿಯುವಷ್ಟರಲ್ಲಿ ಮತ್ತೆ ಅದನ್ನೇ ಕೇಳಿದಳು. ಮರ್ಯಾದಸ್ಥೆ, ಆದ ಅವಮಾನವನ್ನು ಗೊತ್ತಿಲ್ಲದವಳ ಹಾಗೆ ಮುಚ್ಚಿಡುತ್ತಿದ್ದಾಳೆ ಅಂದುಕೊಂಡೆ. ಹಾಗಲ್ಲ. ಆಡಿದ ಮಾತು ಅವಳ ತಲೆಯಿಂದ ಅಳಿಸಿಹೋಗಿತ್ತು, ಅದರ ನೋವು ಮಾತ್ರ ಬಾಡಿಗೆ ಕೊಡದೆ ಎದೆಯಲ್ಲಿ ಕೂತುಬಿಟ್ಟಿತ್ತು. ಯಾಕೆ ನೋಯುತ್ತಿದೆ ಎಂದು ಗೊತ್ತಾಗದೆ ದಿನವೆಲ್ಲ ನನ್ನನ್ನು ಕೇಳುತ್ತಿದ್ದಳು.

ತಿಂಗಳು ಮುಗಿಯುತ್ತಾ ಬಂದಾಗ ಮಸೀದಿಯ ಮೌಲ್ವಿ ಸಾಬರು ತಮ್ಮ ಹೊಸ ಜುಬ್ಬಾ ತೊಟ್ಟು ನೋಡಲು ಬಂದರು. ಸ್ವಲ್ಪ ಹೊತ್ತಾದ ಮೇಲೆ ಪರದೆಯ ಸಂದಿಯಿಂದ ತಲೆ ಹೊರಗೆ ಹಾಕಿದರು.

"ಮಾಸ್ತರ್, ಗುಂಡಿಗಳು ಹಬ್ಬಕ್ಕೆ ರಜೆ ಹಾಕಿ ಹೋಗಿವೆಯೇನ್ರೀ?"

ಮಾಸ್ತರ್ ನನ್ನ ಕಡೆ ಕೆಂಗಣ್ಣು ಬಿಟ್ಟ. "ಗುಂಡಿ ಹಚ್ಚೋಕೆ ನನ್ನ ಕೈಗೆ ಬಂದೇ ಇಲ್ಲ ಅದು," ಎಂದೆ. ಅವನು ಜುಬ್ಬಾ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಎದೆಯ ಎಡಪಟ್ಟಿಯಲ್ಲಿ ಕಾಜಾ ಇತ್ತು. ಬಲಪಟ್ಟಿಯಲ್ಲೂ ಕಾಜಾ ಇತ್ತು. ಒಂದಕ್ಕೊಂದು ಎದುರುಬದುರು, ಅಕ್ಕಿಯ ಕಾಳು ಜೋಡಿಸಿದ ಹಾಗೆ ಹೊಲಿಗೆ, ಎಲ್ಲೂ ಒಂದು ಎಳೆ ತಪ್ಪಿಲ್ಲ. ಗುಂಡಿಗೆ ಮಾತ್ರ ಜಾಗವೇ ಇಲ್ಲ.

ಒಂದು ಕಡೆ ಮುಗಿಸಿ, ಮುಗಿಸಿದ್ದನ್ನು ಮರೆತು, ಇನ್ನೊಂದು ಕಡೆ ಶುರುಮಾಡಿದ್ದಳು.

ಮಾಸ್ತರ್ ಎರಡೂ ಪಟ್ಟಿಯ ಕಾಜಾಗಳ ಮೇಲೆ ಬೆರಳಾಡಿಸಿದ. ಆಮೇಲೆ, "ಅತ್ತಿಗೆ, ಅಕ್ಕ ಯಾವಾಗಿಂದ ಹೀಗೆ?" ಎಂದ.

ಒಂದೇ ನಮಾಜನ್ನು ಎರಡೆರಡು ಸಲ ಮಾಡುತ್ತಾಳೆ, ಅಡುಗೆಗೆ ಉಪ್ಪು ಹಾಕಿದ ಮೇಲೂ ಉಪ್ಪು ಹಾಕುತ್ತಾಳೆ, ಒಮ್ಮೊಮ್ಮೆ ನನ್ನನ್ನು ಅಮ್ಮಾ ಎನ್ನುತ್ತಾಳೆ ಎಂದು ಹೇಳಿದೆ. ಹೇಳುವಾಗ ನಗು ಬರಲಿಲ್ಲ. ಅಲ್ಲಿಯವರೆಗೂ ಅವೆಲ್ಲ ನಮಗೆ ತಮಾಷೆಯೇ ಆಗಿದ್ದವು.

ಮಾಸ್ತರ್ ಮೌಲ್ವಿ ಸಾಬರಿಗೆ ನಡೆದದ್ದನ್ನು ಪೂರ್ತಿ ಹೇಳಿದ, ತಾನು ಆಡಿದ ಮಾತನ್ನೂ ಬಿಡಲಿಲ್ಲ.

"ಮರೆತು ಕುಡಿದ್ರೆ ರೋಜಾ ಮುರಿಯಲ್ಲ ಅಂತ ನಿಮಗೆ ಗೊತ್ತಲ್ಲ," ಎಂದರು ಸಾಬರು. "ಆ ನೀರನ್ನ ದೇವರೇ ಕುಡಿಸಿದ್ದು ಅಂತಾರೆ."

"ಗೊತ್ತು. ಚಿಕ್ಕ ಮಕ್ಕಳಿಗೂ ಗೊತ್ತು. ಮರೆತಿದಾಳೆ ಅನ್ನೋದೇ ನನಗೆ ಹೊಳೀಲಿಲ್ಲ."

"ಅವರ ರೋಜಾ ಚೆನ್ನಾಗಿದೆ ಬಿಡಿ. ನಿಮ್ಮದನ್ನ ನೋಡ್ಕೊಳ್ಳಿ. ಮನುಷ್ಯರಿಗೆ ಮಾಡಿದ ನೋವನ್ನ ನೊಂದೋರೇ ಮಾಫ್ ಮಾಡ್ಬೇಕು. ಹಬ್ಬದೊಳಗೆ ಹೋಗಿ ಕೇಳಿ."

ಆಗಲೇ ಒಳಗೆ ಬಂದ. ಊರಿಗೆಲ್ಲ ಬೈದ ಬಾಯಿ ಅದು, ಮಾಫಿ ಎಂಬ ಮಾತು ತುಟಿಗೆ ಬರುವಷ್ಟರಲ್ಲಿ ಬೆವರು ಕಿತ್ತು ಬಂತು. ದೊಡ್ಡಕ್ಕನ ಕಾಲ ಬಳಿ ಕೂತ.

"ಅಕ್ಕಾ, ನನ್ನನ್ನ ಮಾಫ್ ಮಾಡು."

"ಯಾಕೋ, ಏನಾಯ್ತು?"

"ಎಲ್ಲರ ಮುಂದೆ ನಿನಗೆ ಸುಳ್ಳಿ ಅನ್ನೋ ಹಾಗೆ ಮಾತಾಡ್ದೆ. ಚಾಪೆ ಮೇಲೆ ಕೂರ್ಬೇಡ ಅಂದೆ."

ದೊಡ್ಡಕ್ಕ ನಕ್ಕಳು. "ಯಾರೋ ನಿನ್ನ ತಲೆ ಕೆಡ್ಸಿರೋದು? ನೀನು ನನಗೆ ಹಾಗೆ ಅಂತೀಯಾ?"

"ಅಂದೆ ಅಕ್ಕ. ಈ ಬಾಯಲ್ಲೇ ಅಂದೆ."

"ಸುಮ್ನಿರು. ನಿನ್ನನ್ನ ಸಾಕಿದೋಳು ನಾನು, ನನಗೆ ಗೊತ್ತಿಲ್ವಾ?"

"ಹಾಗಾದ್ರೂ ಮಾಫ್ ಮಾಡ್ದೆ ಅಂತ ಒಂದು ಮಾತು ಅಂದುಬಿಡು."

"ಮಾಡದೇ ಇರೋ ತಪ್ಪನ್ನ ಮಾಫ್ ಮಾಡಿದ್ರೆ ನಿನ್ನ ಮೇಲೆ ಸುಳ್ಳು ಹೊರಿಸಿದ ಹಾಗಾಗುತ್ತೆ. ರೋಜಾ ಬಾಯಲ್ಲಿ ಅದೆಲ್ಲ ಬೇಡಪ್ಪ."

ಅವನು ದಿನವೂ ಹೋಗಿ ಕೇಳಿದ. ಅವಳು ದಿನವೂ ಹೊಸದಾಗಿ ಕೇಳಿಸಿಕೊಂಡು, ಹೊಸದಾಗಿ ಅವನ ಪರವಾಗಿಯೇ ಮಾತಾಡಿದಳು. ಅವನಿಗೆ ಎಂಥ ವಕೀಲರೂ ಬೇಕಾಗಿರಲಿಲ್ಲ, ಮಾಫಿ ಒಂದು ಬೇಕಾಗಿತ್ತು. "ಅಕ್ಕ, ಸುಮ್ನೆ ಹೂಂ ಅಂದುಬಿಡು, ಇವನ ಕಾಟ ತಪ್ಪುತ್ತೆ" ಎಂದರೆ, "ನೀನೂ ಅವನ ಮೇಲೆ ಚಾಡಿ ಹೇಳೋರ ಜೊತೆ ಸೇರ್ಕೊಂಡ್ಯಾ?" ಎಂದು ನನ್ನ ಮೇಲೇ ಮುನಿಸಿಕೊಂಡಳು.

ಕೊನೆಯ ರೋಜಾದ ಸಂಜೆ ಮಾಸ್ತರ್ ಅವಳ ಕೈ ಹಿಡಿದು ಅಂಗಡಿಗೆ ಕರೆತಂದ. ಕತ್ತರಿಸಿದ ಬಟ್ಟೆಯ ಚೂರೆಲ್ಲ ಗುಡಿಸಿ ಚಾಪೆ ಹಾಸಿದ್ದೆವು. ತಾನು ಕೂರುವ ಜಾಗದಲ್ಲಿ ಅವಳನ್ನು ಕೂರಿಸಿ, ತಾನು ಬಾಗಿಲ ಪಕ್ಕ ಚಪ್ಪಲಿಗಳ ಹತ್ತಿರ ಹೋಗಿ ನಿಂತುಕೊಂಡ. ಮಸೀದಿಯ ಅಜಾನಿಗೆ ಎಲ್ಲರೂ ಕಿವಿಗೊಟ್ಟಿದ್ದೆವು.

ದೊಡ್ಡಕ್ಕ ಅವನನ್ನು ನೋಡಿದಳು. ಕೈ ಬೀಸಿ ಹತ್ತಿರ ಕರೆದಳು. ಅವನು ಬಂದು ಬಗ್ಗಿದ. ದನಿ ತಗ್ಗಿಸಿ ಮಾತಾಡಿದಳು, ಪಕ್ಕದಲ್ಲೇ ಇದ್ದ ನನಗೆ ಕೇಳಿಸಿತು.

"ಮಧ್ಯಾಹ್ನ ಹಂಡೆ ಹಿಂದೆ ಕೂತು ನೀರು ಕುಡಿದ್ಯಲ್ಲ, ನಾನು ನೋಡ್ದೆ."

ಆ ಹಂಡೆ ಮಾಸ್ತರಿಗೆ ನೆನಪಿತ್ತು, ಆಮೇಲೆ ಅವನೇ ಹೇಳಿದ. ಅವನು ಚಿಕ್ಕವನಿದ್ದಾಗಿನ ಮೊದಲ ರೋಜಾದ ದಿನ ಅದು, ಮಾವ ಇನ್ನೂ ಬದುಕಿದ್ದ ಕಾಲ, ನಾನು ಆ ಮನೆಗೆ ಸೊಸೆಯಾಗಿ ಬರುವುದಕ್ಕೆ ಎಷ್ಟೋ ಮೊದಲಿನದು.

"ಹೆದರ್ಬೇಡ ಕಂದ," ಎಂದಳು. "ಅಪ್ಪನಿಗೆ ನಾನು ಹೇಳಲ್ಲ. ಯಾರಿಗೂ ಹೇಳಲ್ಲ. ದೂರ ಯಾಕೆ ನಿಂತಿದೀಯ? ಬಾ, ಎಲ್ಲರ ಜೊತೆ ಕೂತ್ಕೋ."

ತನ್ನ ಖರ್ಜೂರವನ್ನು ಅವನ ಕೈಯಲ್ಲಿಟ್ಟು ಬೆರಳು ಮಡಚಿದಳು. ಅಜಾನ್ ಕೇಳಿಸಿತು. ನಾವೆಲ್ಲ ಬಾಯಿಗೆ ಹಾಕಿಕೊಂಡೆವು. ಮಾಸ್ತರ್ ಮುಷ್ಟಿ ಬಿಚ್ಚಲಿಲ್ಲ.

"ತಿನ್ನೋ," ಎಂದಳು ದೊಡ್ಡಕ್ಕ, "ಅಪ್ಪ ನೋಡ್ತಾ ಇದಾನೆ."