ರೊಟ್ಟಿಗೆ ತಡೆಯುವ ಮನೆ

ಗಂಗಾದೇವಿ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಿದಳು. ಒಂದು ಮೊಳ ಸರಿದು ಇನ್ನೊಮ್ಮೆ ಕುಟ್ಟಿದಳು. ಕಲ್ಲಂಗಡಿ ಆರಿಸುವವರ ಹಾಗೆ ಕಿವಿಯನ್ನು ಗೋಡೆಗೆ ಆನಿಸಿ ನಿಂತ ಹೆಂಡತಿಯನ್ನು ಕಂಡು ಗುರುಪುತ್ರಪ್ಪ, ಹಣ್ಣಾಗೇತೇನು ಎಂದು ಕೇಳಿದ. ಅವಳು ನಗಲಿಲ್ಲ. ಮೂರನೆಯ ಕಡೆ ಕುಟ್ಟಿದಳು.

ಪೀರನವಾಡಿಯಲ್ಲಿ ಖಾನಾಪುರ ರಸ್ತೆಗೆ ಹತ್ತಿಕೊಂಡಿದ್ದ ಆ ಬಯಲಿನಲ್ಲಿ ಕಾರ್ಖಾನೆಯಲ್ಲಿ ತಯಾರಾದ ಮನೆಯೊಂದನ್ನು ಮಾದರಿಗೆಂದು ನಿಲ್ಲಿಸಿದ್ದರು. ಕಬ್ಬಿಣದ ಚೌಕಟ್ಟು, ಸಿಮೆಂಟ್ ಹಲಗೆಯ ಗೋಡೆ, ಅಂಥದೇ ಹಲಗೆಯ ನೆಲ, ಮೇಲೆ ಬಣ್ಣದ ತಗಡು. ಗಿರಾಕಿ ಒಪ್ಪಿದರೆ ಇಂಥದೇ ಇನ್ನೊಂದನ್ನು ಬಿಡಿಬಿಡಿಯಾಗಿ ಲಾರಿಯಲ್ಲಿ ತಂದು ಅವರ ಜಾಗದಲ್ಲಿ ಬೋಲ್ಟು ಬಿಗಿದು ಕೊಡುತ್ತಿದ್ದರು. ಮಳೆಗಾಲದೊಳಗೆ ಮನೆ ಸಿದ್ಧ ಎನ್ನುವುದೇ ಗಂಗಾದೇವಿಯನ್ನು ಇಲ್ಲಿಗೆ ಎಳೆದು ತಂದದ್ದು.

ಅವಳು ನೆಹರು ನಗರದಲ್ಲಿ ಬಾಡಿಗೆ ಮನೆಯ ಮಹಡಿಯ ಮೇಲೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಡಾಕ್ಟರಿಕೆ ಓದುವ ಹುಡುಗರ ಖಾನಾವಳಿಗಳಿಗೆ ಅವಳ ರೊಟ್ಟಿಯೇ ಆಗಬೇಕು. ಈ ವರ್ಷ ಕೆಳಗಿನ ಮನೆಗೆ ಮಾಲೀಕರ ಮಗಳು ಬಾಣಂತನಕ್ಕೆ ಬಂದಿದ್ದಳು. ಮಗು ಮಲಗಬೇಕು, ರೊಟ್ಟಿ ಬಡಿಯಬೇಕು. ತಪ್ಪು ಯಾರದೂ ಅಲ್ಲ. ಮಳೆ ಹಿಡಿಯುವುದರೊಳಗೆ ಬೇರೆ ಕಡೆ ನೋಡಿಕೊಳ್ಳಿ ಎಂದು ಮಾಲೀಕರು ಮುಜುಗರಪಡುತ್ತಲೇ ಹೇಳಿದ್ದರು. ಖಾನಾಪುರದಲ್ಲಿ ಗಂಡ ಹೆಂಡತಿಯದು ಒಂದು ಖಾಲಿ ಜಾಗವಿತ್ತು. ಅಲ್ಲಿ ಮನೆ ಕಟ್ಟಿಕೊಂಡರೆ ಬೆಳಗಿನ ಬಸ್ಸಿಗೆ ರೊಟ್ಟಿಯ ಬುಟ್ಟಿ ಏರಿಸಿ ಖಾನಾವಳಿಗಳಿಗೆ ಕಳಿಸಬಹುದು. ಗುರುಪುತ್ರಪ್ಪ ಬಸ್ ಓಡಿಸಿ ನಿವೃತ್ತನಾದವನು, ಚಾಲಕರೆಲ್ಲ ಅವನ ಗೆಳೆಯರು. ಆದರೆ ರೊಟ್ಟಿ ಬಡಿಯುವ ಏಟಿಗೆ ತಡೆಯದ ಮನೆ ಬಂದರೆ ಅವಳ ಉದ್ಯೋಗ ಅಲ್ಲಿಗೆ ಮುಗಿದ ಹಾಗೆ. ಎರಡನೆಯ ಸಲ ಬೇರೆ ಮನೆ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ.

ಮನೆ ಮಾರುವ ಅಜಿಂಕ್ಯ ನಡುವಯಸ್ಸಿನ ಸಮಾಧಾನಿ. ಗಂಗಾದೇವಿಯನ್ನು ಚಿಕ್ಕಮ್ಮನನ್ನು ಕರೆದ ಹಾಗೆ ಕಾಕೂ ಎನ್ನುತ್ತಿದ್ದ; ಕಾಕೂ ಏನು ಮಾಡಿದರೂ ಮಾಡಲಿ ಎಂದು ಚಹಾ ತರಿಸಿಕೊಂಡು ಕುಳಿತಿದ್ದ. ಗಂಗಾದೇವಿ ಕಿಟಕಿಯ ಹೊರಗಿನ ಅಂಚಿಗೆ ತಂಬಿಗೆ ನೀರು ಸುರಿದು, ಅದು ಒಳಗೆ ಬರುತ್ತದೋ ಹೊರಗೆ ಹೋಗುತ್ತದೋ ಎಂದು ಕಾದು ನೋಡಿದಳು. ಹೊರಗೆ ಹೋಯಿತು. ನೆಲದ ಮೇಲೆ ನಿಂಬೆಹಣ್ಣು ಇಟ್ಟಳು, ಉರುಳಲಿಲ್ಲ. ಬಚ್ಚಲಿನ ಬಾಗಿಲ ಹಿಂದೆ ಬಗ್ಗಿ, ಸ್ಕ್ರೂಗಳಿಗೆ ತುಕ್ಕು ಹಿಡಿದಿದೆಯೇ ಎಂದು ಸೆರಗಿನ ತುದಿಯಿಂದ ಉಜ್ಜಿದಳು. ಸೆರಗಿಗೆ ಕಲೆಯಾಗಲಿಲ್ಲ. ಎಲ್ಲ ಸರಿ ಇದ್ದಷ್ಟೂ ಅವಳ ಅನುಮಾನ ಹೆಚ್ಚಾಯಿತು. ಅವಳ ಸ್ವಭಾವವೇ ಹಾಗೆ. ಮದುವೆಯಾದ ಮೇಲೆ ಸಂಜೆ ಶಾಲೆಗೆ ಹೋಗಿ ಹತ್ತನೆಯ ಪರೀಕ್ಷೆ ಬರೆದಾಗಲೂ, ಕೊಟ್ಟ ಉತ್ತರಪತ್ರಿಕೆಯನ್ನು ತಿರುಗಿ ಇಸಿದುಕೊಂಡು ನಂಬರು ಬರೆದಿದ್ದೇನೆಯೋ ಇಲ್ಲವೋ ಎಂದು ನೋಡಿದವಳು.

ನಿಜವಾಗಿ ನೋಡಬೇಕಾದದ್ದನ್ನು ಅವಳಿನ್ನೂ ನೋಡಿರಲಿಲ್ಲ. ರೊಟ್ಟಿ ಬಡಿಯುವ ಹಲಗೆ, ನಾದಿದ ಹಿಟ್ಟಿನ ಡಬ್ಬಿ ಎರಡೂ ಸ್ಕೂಟರಿನ ಚೀಲದಲ್ಲಿದ್ದವು. ಆದರೆ ಪರರ ಅಂಗಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ರೊಟ್ಟಿ ಬಡಿಯುವುದೆಂದರೆ ಅವಳಿಗೆ ನಾಚಿಕೆ. ಎರಡು ಸಲ ಸ್ಕೂಟರಿನ ತನಕ ಹೋಗಿ ಬರಿಗೈಲಿ ಬಂದಳು. ಕಡೆಗೆ ಗುರುಪುತ್ರಪ್ಪನೇ ಎದ್ದು ಚೀಲ ತಂದು ಅಡುಗೆಮನೆಯ ನಡುವೆ ಇಟ್ಟ.

"ಬಡಿ. ಮನ್ಯಾಗ ಮಾಡೂದನ್ನ ಇಲ್ಲಿ ಮಾಡಾಕ ಏನ್ ನಾಚಿಕಿ?"

ಅವಳು ಕೂತು ಹಿಟ್ಟಿನ ಉಂಡೆ ಚಪ್ಪಟೆ ಮಾಡಿ ಬಡಿಯತೊಡಗಿದಳು. ಅಂಗೈ ಬೀಳುತ್ತಿದ್ದಂತೆ ಕಿಟಕಿಯ ಗಾಜು ಝುಂಯ್ ಎಂದಿತು. ಗೋಡೆಯ ಕ್ಯಾಲೆಂಡರ್ ಕುಣಿಯಿತು. ಅಜಿಂಕ್ಯನ ಚಹಾದಲ್ಲಿ ಉಂಗುರ ಎದ್ದವು. ಅವನು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಗುರುಪುತ್ರಪ್ಪ ಗೋಡೆಗೆ ಬೆನ್ನು ಕೊಟ್ಟು ನಿಂತು ಕಣ್ಣು ಮುಚ್ಚಿದ.

"ಹಳೇ ಬಸ್ಸು ನಿಲ್ದಾಣದಾಗ ಚಾಲೂ ಇಟ್ಟು ನಿಂದರ್ಸಿದಂಗ ಐತಿ ನೋಡು," ಎಂದ. "ಇನ್ನ ಗೇರ್ ಹಾಕಿದ್ರ ಖಾನಾಪುರಕ್ಕ ಅದಽ ಹೋಗತೈತಿ."

ಅಜಿಂಕ್ಯ ನಕ್ಕುಬಿಟ್ಟ. ಗಂಗಾದೇವಿಗೂ ನಗು ಬಂತು, ಆದರೆ ಬಡಿಯುವುದನ್ನು ನಿಲ್ಲಿಸಿ ಹಲಗೆ ಎತ್ತಿಟ್ಟಳು. ಅಜಿಂಕ್ಯ ಅವಳನ್ನು ಕರೆದು ಮನೆಯ ಅಡಿಯನ್ನು ತೋರಿಸಿದ. ಮಾದರಿ ಮನೆಯಾದ್ದರಿಂದ ಅದನ್ನು ಅಡಿಪಾಯಕ್ಕೆ ಬಿಗಿದಿರಲಿಲ್ಲ, ಸಿಮೆಂಟ್ ಇಟ್ಟಿಗೆಗಳ ಮೇಲೆ ಸುಮ್ಮನೆ ಕೂರಿಸಿದ್ದರು. ಬಿಗಿದ ಮನೆ ಹೀಗೆ ನಡುಗುವುದಿಲ್ಲ ಎಂದ. ತಾನು ಹೇಳಿದ್ದನ್ನು ನಂಬುವುದು ಬೇಡ, ಖಾನಾಪುರದಲ್ಲಿ ಕುಂದಾ ಮಾವಶಿ ಎಂಬವರು ಇಂಥದೇ ಮನೆಯಲ್ಲಿ ಒಂದು ಮಳೆಗಾಲ ಕಳೆದಿದ್ದಾರೆ, ಹೋಗಿ ಕೇಳಿ ಎಂದು ಅಲ್ಲಿಂದಲೇ ಫೋನು ಮಾಡಿ ಮರಾಠಿಯಲ್ಲಿ ತಿಳಿಸಿದ. ರೊಟ್ಟಿಯ ವಿಷಯ ಹೇಳುವಾಗ ಅವನಿಗೆ ಇನ್ನೊಮ್ಮೆ ನಗು ಬಂತು.

ಖಾನಾಪುರಕ್ಕೆ ಹೋಗುವ ದಾರಿಯುದ್ದಕ್ಕೂ ಗಂಗಾದೇವಿ ಮನಸ್ಸಿನಲ್ಲೇ ತೂಗಿ ನೋಡುತ್ತಿದ್ದಳು. ಒಳ್ಳೆಯ ಮನೆಗೆ ತಾನೇ ಕಲ್ಲು ಹಾಕುತ್ತಿದ್ದೇನೆಯೇ? ಇಲ್ಲವೇ ಅಜಿಂಕ್ಯನ ನಗುಮುಖಕ್ಕೆ ಮರುಳಾಗಿ ಕೆಟ್ಟ ಮನೆಗೆ ಬೀಳುತ್ತಿದ್ದೇನೆಯೇ? ಎರಡೂ ಹೆದರಿಕೆ ಒಂದೇ ತೂಕದವು.

ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಕುಂದಾ ಗೇಟಿನಲ್ಲೇ ನಿಂತಿದ್ದರು. ಬರ್ರಿ, ಕುಂದರ್ರಿ ಎನ್ನುತ್ತ ಒಳಗೆ ಕರೆದವರು, ಇವರು ಕೂರುವ ಮೊದಲೇ ಮನೆಯ ಗುಣದೋಷ ಹೇಳತೊಡಗಿದರು. ತಗಡಿನ ಮೇಲೆ ಮಳೆ ಬಿದ್ದರೆ ಟಿವಿ ಆರಿಸಿ ಕೂರಬೇಕಂತೆ. ಗೋಡೆಗೆ ಕಂಡಲ್ಲಿ ಮೊಳೆ ಹೊಡೆಯುವಂತಿಲ್ಲವಂತೆ. ದೇವರ ಫೋಟೋವನ್ನು ಹಲಗೆಯ ಹಿಂದೆ ಚೌಕಟ್ಟಿನ ಕಬ್ಬಿಣ ಎಲ್ಲಿದೆ ಎಂದು ಹುಡುಕಿ ಕೂರಿಸಿದ್ದಂತೆ. ಆದರೆ ಲೋಂಡಾ ಕಡೆಯಿಂದ ಬರುವ ಖಾನಾಪುರದ ಮಳೆಗೆ ಒಂದು ಹನಿ ಒಳಗೆ ಬಂದಿಲ್ಲ. ಗಂಗಾದೇವಿ ಸಂಕೋಚದಿಂದ, ಮಂಚದ ಹಿಂದಿನ ಮೂಲೆ ನೋಡಬಹುದೇ ಎಂದಳು. ಕುಂದಾ ಮಂಚದ ಒಂದು ತುದಿ ತಾವೇ ಹಿಡಿದರು. ಮೂಲೆಯಲ್ಲಿ ತೇವದ ಕಲೆ ಇರಲಿಲ್ಲ, ಒಂದು ಕಳೆದುಹೋದ ಬಾಚಣಿಗೆ ಇತ್ತು. ಕುಂದಾಗೆ ಭಾರಿ ಸಂತೋಷವಾಯಿತು.

ಆಮೇಲೆ ಅಡುಗೆಮನೆ. ಇಲ್ಲಿ ನಾಚಿಕೆಗೆ ಅವಕಾಶವಾಗಲಿಲ್ಲ, ಕುಂದಾ ಆಗಲೇ ಚಾಪೆ ಹಾಸಿದ್ದರು. ಗಂಗಾದೇವಿ ಬಡಿದಳು. ಗಾಜು ಸುಮ್ಮನಿತ್ತು, ಕ್ಯಾಲೆಂಡರ್ ಅಲುಗಲಿಲ್ಲ. ಅಜಿಂಕ್ಯ ಸುಳ್ಳು ಹೇಳಿರಲಿಲ್ಲ. ಆದರೆ ಕಪಾಟಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ನೆಲ ಅಂಗೈಯ ಏಟನ್ನು ನುಂಗಿ, ಅರ್ಧವನ್ನು ತಿರುಗಿ ಕೊಡುತ್ತಿತ್ತು. ಒಂದೆರಡು ರೊಟ್ಟಿಗೆ ಇದು ಏನೂ ಅಲ್ಲ, ಬುಟ್ಟಿಗಟ್ಟಲೆ ಬಡಿಯುವವಳ ಮೊಣಕೈಗೆ ಗೊತ್ತಾಗುತ್ತದೆ. ಇದು ಮೊದಲು ಗಮನಕ್ಕೆ ಬಂದಿರಲಿಲ್ಲವೇ ಎಂದು ಅವಳು ಕೇಳಿದಾಗ ಕುಂದಾ ಕೈ ಆಡಿಸಿದರು.

"ನಾವು ಚಪಾತಿ ಲಟ್ಟಿಸೋ ಮಂದಿ. ನಿಮ್ಮ ರೊಟ್ಟಿಗೆ ನಾವು ಭಾಕರಿ ಅಂತೀವಿ, ಅದು ಬೇಕಂದ್ರ ಬಾಜು ಮನಿಯಾಕಿ ಕೊಡ್ತಾಳ. ಖರೇ ಹೇಳ್ಲಿ? ನನಗ ಗೊತ್ತಽ ಇಲ್ಲ."

ಗಂಗಾದೇವಿ ಹಿಟ್ಟಿನ ಕೈ ತೊಳೆಯಲು ಹಿತ್ತಲ ಬಾಗಿಲು ತೆರೆದಳು. ಮನೆ ಒಳ್ಳೆಯದು, ತನಗಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ಆಗಿತ್ತು. ಹಿತ್ತಲಲ್ಲಿ ಅದೇ ತಗಡಿನ ಚಾವಣಿಯನ್ನು ಮುಂದಕ್ಕೆ ಚಾಚಿ, ಕೆಳಗೆ ಶಹಾಬಾದ್ ಕಲ್ಲು ಹಾಸಿದ್ದರು. ಅದರ ಮೇಲೆ ಬಟ್ಟೆ ತೊಳೆಯುವ ಮಷೀನು ಒಂದೇ ಸಮನೆ ಗರಗರ ತಿರುಗುತ್ತಿತ್ತು. ಅದು ಹೊರಗೆ ಯಾಕೆ ಎಂದು ಗಂಗಾದೇವಿ ವಿಚಾರಿಸಿದಳು. ಒಳಗಿಟ್ಟಾಗ ಅದು ನೆಲದ ಮೇಲೆ ಹೆಜ್ಜೆ ಹಾಕುತ್ತ ಬಂದು ಬಚ್ಚಲ ಬಾಗಿಲಿಗೆ ಅಡ್ಡ ನಿಂತಿತ್ತು, ಒಳಗಿದ್ದ ನಮ್ಮವರು ಹೊರಗೆ ಬರಲಾರದೆ ಅರ್ಧ ತಾಸು ಕೂಗಿದರು, ಅದಕ್ಕೇ ಮಣ್ಣು ಗಟ್ಟಿ ಮಾಡಿಸಿ ಕಲ್ಲು ಹಾಸಿದೆವು ಎಂದರು ಕುಂದಾ.

ಗಂಗಾದೇವಿ ಕೈ ತೊಳೆಯಲಿಲ್ಲ. ಒಳಗಿನಿಂದ ಹಲಗೆ ತಂದು ಮಷೀನಿನ ಪಕ್ಕದಲ್ಲೇ ಕಲ್ಲಿನ ಮೇಲೆ ಇಟ್ಟಳು. ಕುಂದಾ ಮಷೀನು ನಿಲ್ಲಿಸಿದರು. ಅವಳು ಗಂಡನಿಗೆ ಕಪಾಟಿನ ಹತ್ತಿರ ನಿಂತು ಲೋಟಗಳ ಕಡೆ ಕಿವಿ ಕೊಡಲು ಹೇಳಿ ಬಡಿಯತೊಡಗಿದಳು. ತಟ್, ತಟ್, ತಟ್ ಎಂದು ಸದ್ದು ಬಿದ್ದಲ್ಲೇ ಬಿತ್ತು. ಏಟು ಭೂಮಿಗೆ ಇಳಿದು ಅಲ್ಲೇ ಉಳಿಯಿತು. ರೊಟ್ಟಿ ಹಲಗೆಯ ಮೇಲೆ ತಿರುಗುತ್ತ ಅಗಲವಾಯಿತು.

"ಏನರ ಕೇಳಸ್ತದೇನ್ರಿ?" ಎಂದು ಕೂಗಿದಳು.

"ನೀ ಯಾವಾಗ ಶುರು ಮಾಡ್ತಿ ಅಂತ ಕಾಯ್ಲಾಕತ್ತೀನಿ," ಎಂದ ಗುರುಪುತ್ರಪ್ಪ ಒಳಗಿನಿಂದ.

ಕುಂದಾ ರೊಟ್ಟಿಯನ್ನು ಎತ್ತಿಕೊಂಡು ಹೋಗಿ ಹಂಚಿಗೆ ಹಾಕಿದರು. ಗಂಗಾದೇವಿ ಕಲ್ಲಿನ ಮೇಲೆಯೇ ಕೂತು ಅಜಿಂಕ್ಯನಿಗೆ ಫೋನು ಮಾಡಿದಳು. ಮನೆ ಒಪ್ಪಿಗೆ ಇದೆ, ಆದರೆ ಅಡುಗೆಮನೆಗೆ ಮಾತ್ರ ನೆಲ ಬೇಡ ಎಂದಳು.

"ನೆಲಾ ಬ್ಯಾಡ ಅಂದ್ರ, ಕಾಕೂ, ನೀವು ಎಲ್ಲಿ ನಿಂದರತೀರಿ?"

"ಭೂಮಿ ಮ್ಯಾಲೆ ನಿಂದರತೀನಪ್ಪಾ. ಇಷ್ಟ ದಿನಾ ಎಲ್ಲಿ ನಿಂತಿದ್ದೆ?"

ಅವಳು ಬಿಡಿಸಿ ಹೇಳಿದಳು: ಉಳಿದ ಕೋಣೆಗಳಿಗೆ ಕಾರ್ಖಾನೆಯ ನೆಲವೇ ಇರಲಿ, ಅಡುಗೆಮನೆಗೆ ಒಂದು ಮೆಟ್ಟಿಲು ಇಳಿದು ಹೋಗುವಂತೆ ಬಿಡಿ, ಅಲ್ಲಿ ತಾವು ಕಲ್ಲು ಹಾಸಿಕೊಳ್ಳುತ್ತೇವೆ. ಅಜಿಂಕ್ಯ ಎಂಜಿನಿಯರನ್ನು ಕೇಳಿ ತಿರುಗಿ ಫೋನು ಮಾಡಿದ. ಆ ಒಂದು ಕೋಣೆಯ ಗೋಡೆಯನ್ನು ಅಡಿಪಾಯದ ತನಕ ಇಳಿಸಿದರಾಯಿತು, ಮಾಡಿಕೊಡುತ್ತೇವೆ ಎಂದ. ಹಾಗೆ ಇಳಿಸಿದ ಗೋಡೆಯ ಬುಡಕ್ಕೆ ಮಳೆನೀರು ಬಡಿದರೆ ಏನು ಗತಿ ಎಂದು ಅವಳು ತಕ್ಷಣ ಕೇಳಿದಳು. ಅದಕ್ಕೂ ಉತ್ತರ ಬಂತು. ಹಾಗಾದರೆ ಇರುವೆಗಳು ಎಂದಳು. ಗುರುಪುತ್ರಪ್ಪ ಅವಳ ಕೈಯಿಂದ ಫೋನು ತೆಗೆದುಕೊಂಡು, ಮುಂಗಡಕ್ಕೆ ನಾಳೆ ಬರುತ್ತೇವೆ ಎಂದು ಹೇಳಿ ಇಟ್ಟುಬಿಟ್ಟ.

ಕುಂದಾ ಉಬ್ಬಿದ ರೊಟ್ಟಿಯನ್ನು ಮೂರು ಪಾಲು ಮಾಡಿ, ಮೇಲೆ ಬೆಣ್ಣೆ ಇಟ್ಟು ತಂದರು. ತಮ್ಮ ಪಾಲು ತಿಂದು, ನೀವು ಇಲ್ಲಿಗೆ ಬಂದ ಮೇಲೆ ಬಾಜು ಮನೆಯಾಕೆಯ ಭಾಕರಿ ಬಿಡುತ್ತೇನೆ, ಅವಳಿಗೆ ಮಾತ್ರ ಹೇಳಬೇಡಿ ಎಂದು ದನಿ ತಗ್ಗಿಸಿದರು.

ತಿರುಗಿ ಬರುವಾಗ ಊರ ಹೊರಗಿನ ಕಲ್ಲಿನ ಅಂಗಡಿ ಕಂಡಿತು. ಗಂಗಾದೇವಿ ಗಂಡನ ಭುಜ ತಟ್ಟಿ ನಿಲ್ಲಿಸೆಂದಳು. ಸ್ಕೂಟರಿನ ಮೇಲೆ ಶಹಾಬಾದ್ ಕಲ್ಲು ಒಯ್ಯಲು ಬರುವುದಿಲ್ಲ, ಮನೆ ಬರಲಿ ಎಂದ ಅವನು. ಸುಮ್ಮನೆ ನೋಡುವುದು, ಇವತ್ತು ಆರಿಸುವುದಿಲ್ಲ ಎಂದು ಅವಳು ಇಳಿದಳು. ಗುರುಪುತ್ರಪ್ಪ ಸ್ಕೂಟರು ಆರಿಸಿ ನೆರಳಿಗೆ ತಳ್ಳಿದ. ಅವಳು ಆಗಲೇ ಮೊದಲ ಕಲ್ಲನ್ನು ಕುಟ್ಟಿ ಕಿವಿ ಕೊಟ್ಟಿದ್ದಳು, ಅಂಗಡಿಯವನು ಎರಡನೆಯದನ್ನು ಎತ್ತಿ ನಿಲ್ಲಿಸುತ್ತಿದ್ದ.