ಎಡಕ್ಕೆ ಬಿದ್ದ ಎಸಳು

ಅರಳಸುರಳಿಯ ಹತ್ತಿರದ ನನ್ನ ತವರೂರಿನ ಈಶ್ವರ ದೇವಸ್ಥಾನದಲ್ಲಿ ಪ್ರಸಾದ ಕೇಳುವ ಪದ್ಧತಿ ಇದೆ. ದಾಸವಾಳದ ಎರಡು ಎಸಳನ್ನು ನೀರಿನಲ್ಲಿ ಅದ್ದಿ, ದೇವರ ಬಲಕ್ಕೊಂದು ಎಡಕ್ಕೊಂದು ಅಂಟಿಸುತ್ತಾರೆ. ಇದಾದರೆ ಬಲ, ಅದಾದರೆ ಎಡ ಎಂದು ಮೊದಲೇ ಹೇಳಿಕೊಂಡಿರಬೇಕು. ಯಾವುದು ಮೊದಲು ಬೀಳುತ್ತದೋ ಅದು ದೇವರ ಮಾತು.

ಊರಿನ ಹೆಂಗಸರಿಗೆಲ್ಲ ಗೊತ್ತಿದ್ದೂ ಯಾರೂ ಬಾಯಿ ಬಿಡದ ಸಂಗತಿಯೊಂದಿದೆ. ಅಲ್ಲಿ ಬೀಳುವುದು ಯಾವಾಗಲೂ ಬಲಗಡೆಯದೇ. ಅದಕ್ಕೇ ಬೇಕಾದ್ದನ್ನು ಬಲಕ್ಕಿಟ್ಟು, ಏನೂ ಅರಿಯದವರ ಹಾಗೆ ಕೈಮುಗಿದು ನಿಲ್ಲುತ್ತೇವೆ. ಇದು ಮೋಸವಲ್ಲ, ದೇವರಿಗೆ ಸ್ವಲ್ಪ ಅನುಕೂಲ ಮಾಡಿಕೊಡುವುದು ಅಷ್ಟೆ. ನನ್ನ ಮದುವೆಗೆ ಸಾಗರದ ಉಮಾಮಹೇಶ್ವರ ಎಂಬ ವರನನ್ನು ಬಲಕ್ಕಿಟ್ಟವಳು ನನ್ನ ಅಮ್ಮ. ಈವರೆಗೆ ದೂರುವಂಥದ್ದೇನೂ ಆಗಿಲ್ಲ. ಆಗಿದ್ದರೆ ಈಶ್ವರನ ತಲೆಗೇ ಕಟ್ಟುತ್ತಿದ್ದೆ.

ನಮ್ಮ ಮಗಳು ಧೃತಿ ಸಾಗರದಲ್ಲಿ ಬಿ.ಎಸ್ಸಿ. ಮುಗಿಸಿದಳು. ಫಿಸಿಕ್ಸ್, ಗಣಿತ, ಕಂಪ್ಯೂಟರ್ ಮೂರನ್ನೂ ಓದಿದವಳು. ಎಂ.ಎಸ್ಸಿ.ಗೆ ಫಿಸಿಕ್ಸಿನಲ್ಲೂ ಸೀಟು ಬಂತು, ಕಂಪ್ಯೂಟರ್ ಸೈನ್ಸಿನಲ್ಲೂ ಬಂತು. ನಾಳೆಯೊಳಗೆ ಒಂದನ್ನು ಒಪ್ಪಿಕೊಳ್ಳಬೇಕು. ಯಾವುದು ಎಂದು ಕೇಳಿದರೆ ಅವಳದು ಒಂದೇ ಉತ್ತರ.

“ಯಂಗೆ ಎರಡೂ ಅಡ್ಡಿಲ್ಲೆ ಅಮ್ಮ.”

ನನಗೆ ಅಡ್ಡಿ ಇತ್ತು. ನನ್ನ ತಮ್ಮ ಶ್ರೀಕರ ಫಿಸಿಕ್ಸಿನಲ್ಲಿ ಚಿನ್ನದ ಪದಕ ತಗೊಂಡವನು. ಹೊಸನಗರದಲ್ಲಿ ಅತಿಥಿ ಉಪನ್ಯಾಸಕನಾಗಿದ್ದಾನೆ. ಕೂದಲು ಹಣ್ಣಾದರೂ ಅವನಿನ್ನೂ ಅತಿಥಿಯೇ. ಪ್ರತಿ ವರ್ಷ ಕಾಲೇಜು ಶುರುವಾಗುವಾಗ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಫೋನು ನೋಡುತ್ತ ಕೂರುತ್ತಾನೆ. ನನ್ನ ಮಗಳು ಹಾಗೆ ಕೂರುವುದನ್ನು ನೋಡುವ ಶಕ್ತಿ ನನಗಿಲ್ಲ. ಕಂಪ್ಯೂಟರ್ ಓದಿದರೆ ಎಲ್ಲಾದರೂ ಒಂದು ಕುರ್ಚಿ ಸಿಕ್ಕೀತು ಎಂಬುದೇ ನನ್ನ ಆಸೆ. ಆದರೆ ನಾನು ಹೇರಿದೆ ಎನ್ನುವ ಮಾತು ಬರಬಾರದು.

“ನಡಿ ಕೂಸೆ, ದೇವರ ಹತ್ರನೇ ಕೇಳನ,” ಎಂದೆ.

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, “ಅಕ್ಕು” ಎಂದು ಒಪ್ಪಿದಳು.

ನಮ್ಮನೆಯವರು ಕಾರು ಹೊರಡಿಸಿದರು. ಹೊಸನಗರದಲ್ಲಿ ಶ್ರೀಕರನ ಮನೆಗೆ ಹೋಗಿ ಕಾಫಿ ಕುಡಿಯೋಣ ಎಂದರು. ಹೊತ್ತಾಗುತ್ತದೆ ಎಂದು ಬೇಡವೆಂದೆ. ಅವನು ಫಿಸಿಕ್ಸಿನ ಪರ ಬಾಯಿ ತೆರೆದರೆ ನನ್ನ ಕೆಲಸ ಕೆಡುತ್ತಿತ್ತು.

ಅರ್ಚಕ ಗಣಪಯ್ಯ ನನ್ನನ್ನು ಲಂಗ ಉಟ್ಟು ಓಡಾಡುತ್ತಿದ್ದಾಗಿನಿಂದ ಬಲ್ಲವರು. ಎಸಳನ್ನು ತೀರ್ಥದಲ್ಲಿ ಅದ್ದುತ್ತ ಕೇಳಿದರು, “ಬಲಕ್ಕೆ ಎಂಥದು, ರಂಜನಾ?”

“ಬಲಕ್ಕೆ ಕಂಪ್ಯೂಟರ್, ಎಡಕ್ಕೆ ಫಿಸಿಕ್ಸ್,” ಎಂದೆ, ಯಾವುದಾದರೇನು ಎನ್ನುವ ದನಿಯಲ್ಲಿ.

ಧೃತಿ ತುಟಿ ಎರಡು ಮಾಡಲಿಲ್ಲ. ಗಣಪಯ್ಯ ದೇವರಿಗೆ ಗೊಂದಲವಾಗದಿರಲಿ ಎಂದು ಗಣಕಯಂತ್ರ, ಭೌತಶಾಸ್ತ್ರ ಎಂದು ಬಿಡಿಸಿ ಹೇಳಿ ಬೇಡಿಕೊಂಡರು. ನಾವು ಮೂವರೂ ಹೊಸ್ತಿಲಾಚೆ ಕೈಮುಗಿದು ನಿಂತೆವು. ನಾನು ನಿಶ್ಚಿಂತಳಾಗಿದ್ದೆ. ವಾಪಸು ಹೊರಡುವ ಮೊದಲು ತೀರ್ಥಹಳ್ಳಿ ಪೇಟೆಗೆ ಹೋಗಿ ಅವಳಿಗೊಂದು ಚೂಡಿದಾರ್ ಕೊಡಿಸಬೇಕು ಎಂದೂ ಯೋಚಿಸುತ್ತಿದ್ದೆ.

ಎಡಗಡೆಯ ಎಸಳು ಬಿತ್ತು.

ಗಣಪಯ್ಯ ಕೂಡ ತಬ್ಬಿಬ್ಬಾಗಿ ನನ್ನ ಕಡೆ ತಿರುಗಿದರು. ನಮ್ಮನೆಯವರು ಮಾತ್ರ, “ಆತಲ, ಫಿಸಿಕ್ಸು,” ಎಂದು ಜೇಬಿನಲ್ಲಿ ಕಾರಿನ ಕೀ ಹುಡುಕಿದರು. ಈಶ್ವರನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆಗ ಧೃತಿ ಹೊಸ್ತಿಲ ಮೇಲೆ ಬಗ್ಗಿ ಒಳಗೆ ಇಣುಕಿದಳು. “ಗಣಪಯ್ಯನವರೆ, ಎಡಗಡೆ ಆ ಲೈಟು ಯಾವಾಗ ಹಾಕಿದ್ರಿ?”

“ಅದಾ? ಹೋದ ವಾರ ನಮ್ಮೂರ ಹೂವಪ್ಪ ಕೊಟ್ಟಿದ್ದು. ಅಲಂಕಾರ ಚೆನ್ನಾಗಿ ಕಾಣ್ಲಿ ಅಂತ ಫೋಕಸ್ ಲೈಟು. ಕೈ ಇಟ್ರೆ ಸುಡುತ್ತೆ ಮಾರಾಯ್ತಿ.”

“ಹಾಗಾದ್ರೆ ಈ ಪ್ರಸಾದ ಲೆಕ್ಕಕ್ಕಿಲ್ಲ,” ಎಂದಳು ಹುಡುಗಿ. “ಎಸಳು ನಿಂತಿರೋದು ನೀರಿನ ಅಂಟಿನಿಂದ. ಆರಿದ ಕೂಡ್ಲೆ ಬೀಳುತ್ತೆ. ಮೊದ್ಲು ಬಲಗಡೆ ನಂದಾದೀಪದ ಬಿಸಿ ಒಂದೇ ಇತ್ತು, ಅದಕ್ಕೇ ಬಲದ್ದು ಬೀಳ್ತಿತ್ತು. ಈಗ ಲೈಟಿನ ಬಿಸಿ ಜಾಸ್ತಿ. ಲೈಟು ಆರಿಸಿ ಇನ್ನೊಂದ್ಸಲ ಇಡಿ.”

ಗಣಪಯ್ಯ ತಲೆ ಕೆರೆದುಕೊಂಡರು. ಇಷ್ಟು ವರ್ಷ ನಾವು ಹೆಂಗಸರು ಕಾಪಾಡಿಕೊಂಡು ಬಂದ ಗುಟ್ಟನ್ನು ಇವಳು ದೇವರೆದುರೇ ಬಯಲು ಮಾಡಿದ್ದಳು.

ನಾನು ಅವಳ ತೋಳು ಹಿಡಿದು ಜಗಲಿಗೆ ಕರೆತಂದೆ. “ಬಲದ್ದೇ ಬೀಳ್ತು ಹೇಳಿ ನಿಂಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು. ಸಣ್ಣಕಿದ್ದಾಗಿಂದ ನೋಡ್ತಾ ಇದ್ನಲೆ.”

“ಮತ್ತೆ ಆನು ಕಂಪ್ಯೂಟರ್ ಬಲಕ್ಕೆ ಹೇಳಿದಾಗ ಎಂತಕ್ಕೆ ಸುಮ್ಮನಿದ್ದೆ?”

ಅವಳು ಕಂಬಕ್ಕೆ ಒರಗಿ ಕಾಲ ಬೆರಳು ನೋಡಿಕೊಂಡಳು. “ಶ್ರೀಕರ ಮಾವನ ವಿಷಯಕ್ಕೆ ನೀನು ಅಳದು ಯಂಗೆ ಗೊತ್ತಿದ್ದು ಅಮ್ಮ. ನಿಂಗೆ ಸಮಾಧಾನ ಆಗ್ಲಿ ಹೇಳಿ.”

ದೇವರಿಗೆ ಅನುಕೂಲ ಮಾಡಿಕೊಡಲು ಹೊರಟವಳು ನಾನು. ನನಗೆ ಅನುಕೂಲ ಮಾಡಿಕೊಡಲು ಇವಳು ಬಾಯಿ ಮುಚ್ಚಿಕೊಂಡು ಇಷ್ಟು ದೂರ ಬಂದಿದ್ದಳು. ಬಹುಶಃ ತನಗೆ ಬೇಕಾದ್ದೇ ಎಡಕ್ಕೆ ಬಿದ್ದಾಗಲೂ, ಕಾರಣ ಸರಿಯಿಲ್ಲವೆಂದು ಅದನ್ನೂ ಬಿಟ್ಟುಕೊಡಲು ಹೊರಟಿದ್ದಳು. ಇಂಥವಳು ಕುರ್ಚಿಗಾಗಿ ಓದುವವಳಲ್ಲ ಎಂದು ನನಗೆ ಆಗ ಹೊಳೆಯಿತು. ಭಯವೇನೂ ಹೋಗಲಿಲ್ಲ. ಆದರೆ ಅದು ನನ್ನ ಭಯ, ಅವಳು ಯಾಕೆ ಹೊರಬೇಕು?

ಒಳಗಿನಿಂದ ಗಣಪಯ್ಯ ಕೂಗಿದರು. “ಲೈಟು ಆರಿಸ್ದೆ. ಈ ಸಲ ಬಲಕ್ಕೆ ಎಂಥದು?”

“ಇಡೋದು ಬೇಡ ಗಣಪಯ್ಯ,” ಎಂದೆ. ಆಮೇಲೆ ಮಗಳ ಕಡೆ ತಿರುಗಿದೆ. “ನಿಂಗೆ ಎಂತ ಬೇಕು? ಎರಡೂ ಅಡ್ಡಿಲ್ಲೆ ಹೇಳಿದ್ರೆ ಎರಡು ಬಿಗೀತಿ.”

“ಫಿಸಿಕ್ಸ್,” ಎಂದಳು. ಕಣ್ಣು ತುಂಬಿಕೊಂಡಿತ್ತು, ಆದರೂ ನಗುತ್ತಿದ್ದಳು.

ಅಲ್ಲೇ ಫೋನು ತೆಗೆದು ವಿಶ್ವವಿದ್ಯಾಲಯದ ಪುಟ ತೆರೆದಳು. ಎರಡು ಸೀಟುಗಳೂ ಒಂದರ ಕೆಳಗೊಂದು ಇದ್ದವು. ಪರದೆಯನ್ನು ನನ್ನ ಕಡೆ ತಿರುಗಿಸಿದಳು. ನಾನು ಸೆರಗಿನಿಂದ ಬೆರಳು ಒರೆಸಿಕೊಂಡು, ಅವಳ ಕೈಯಿಂದ ಫೋನು ತೆಗೆದುಕೊಂಡು, ಫಿಸಿಕ್ಸಿನ ಮೇಲೆ ನಾನೇ ಒತ್ತಿದೆ.